ಇಬ್ಬರೂ ನೋಡಿದ ಗಡಿಪಟ್ಟಿ

ಹೈಸ್ಟ್
18 ಜನವರಿ 1998, ಭಾನುವಾರ

ಮುದ್ದು ಮಗಳು ವೇರ್ಲೆಗೆ,

ಅಪ್ಪನ ಅಪ್ಪುಗೆ. ನಿನಗೂ ನಮ್ಮ ಪುಟ್ಟಿ ಯಾನೆಕೆಗೂ ಕೆಮ್ಮು ಕಡಿಮೆಯಾಗಿದೆ ಎಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ನಮ್ಮ ಹೈಸ್ಟಿನಿಂದ ಗಡಿ ದಾಟಿ, ಡಚ್ಚರ ಕಡೆಯ ನಿನ್ನ ಬ್ರೆಸ್ಕೆನ್ಸಿಗೆ ಬಸ್ಸು ಬದಲಿಸಿ ಹೋದರೂ ಒಂದೂವರೆ ಗಂಟೆಯ ದಾರಿ. ಅಷ್ಟು ಹತ್ತಿರ ಕೂತು ಹನ್ನೆರಡು ದಿನ ಸುಮ್ಮನಿದ್ದದ್ದು ನಾಚಿಕೆಗೇಡು. ಕನ್ನಡಕ ಒಡೆದಿತ್ತು, ಬೆರಳು ಮರಗಟ್ಟಿತ್ತು ಎಂದೆಲ್ಲ ಬರೆದು ಒಂದು ಹಾಳೆ ತುಂಬಿಸಿದ್ದೆ. ನಿನ್ನ ಅಮ್ಮ ಹೆಗಲ ಮೇಲಿಂದ ಇಣುಕಿ ಓದಿ, "ಕನ್ನಡಕ ಮೂಗಿನ ಮೇಲೇ ಇದೆಯಲ್ಲ, ಮಹಾರಾಯ್ರೇ" ಎಂದಳು. ಅದನ್ನು ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ.

ನಿನ್ನ ರೀನುಸ್‌ನನ್ನು ಮಣ್ಣು ಮಾಡಿದ ದಿನ ನೀನು ಬಾಗಿಲಲ್ಲಿ ನಿಂತು ಹೇಳಿದ್ದು ಕಿವಿಯಲ್ಲೇ ಇದೆ. "ಅಪ್ಪಾ, ಇನ್ಮೇಲೆ ಫೋನ್ ಮಾಡಬೇಡ. ಫೋನಲ್ಲಿ ನೀನು ಬರೀ ಗಾಳಿ ಹೇಗಿದೆ, ಅಲೆ ಹೇಗಿದೆ ಅಂತ ಹೇಳ್ತೀಯ. ಬರೆದು ಕಳಿಸು. ಬರೆಯೋವಾಗ ನಿಂಗೆ ಸುಳ್ಳು ಹೇಳೋಕೆ ಬರಲ್ಲ." ಮೂವತ್ತೊಂದು ವರ್ಷ ನೌಕಾಪಡೆಯಲ್ಲಿದ್ದು ನಿವೃತ್ತನಾದವನಿಗೆ ಯಾವ ಮೇಲಧಿಕಾರಿಯೂ ಹೀಗೆ ಆಜ್ಞೆ ಮಾಡಿರಲಿಲ್ಲ.

ಬಾಂಬು ಸಿಡಿದು ದೋಣಿ ಮುಳುಗಿದ್ದನ್ನು ವಿಚಾರಿಸುವ ಮಂಡಳಿಯ ಗುಮಾಸ್ತ ನಿನಗೆ ಹೇಳಿದ ಮಾತನ್ನು ಮತ್ತೆ ಮತ್ತೆ ಓದಿದೆ. "ಆ ಜಾಗವನ್ನ ಎರಡು ದೇಶದ ಹಡಗುಗಳು ಶೋಧಿಸಿ ಸಹಿ ಹಾಕಿವೆ, ಮೇಡಂ. ಅಲ್ಲಿ ಬಾಂಬು ಇರೋಕೆ ಸಾಧ್ಯವೇ ಇಲ್ಲ. ನಿಮ್ಮ ಯಜಮಾನರು ಉತ್ತರಕ್ಕೆ, ನಿಷೇಧದ ಜಾಗಕ್ಕೆ ಹೋಗಿ ಬಲೆ ಎಳೆದಿರಬೇಕು. ಬಾಂಬು ಅಲ್ಲಿಂದ ಬಲೆಯಲ್ಲೇ ಬಂದಿರಬೇಕು" ಎಂದನಂತೆ. ಹಾಗಾದರೆ ರೀನುಸ್ ತಾನೂ ಸತ್ತು ದೋಣಿಯಲ್ಲಿ ಜೊತೆಗಿದ್ದ ಬಾಸ್ಟಿಯಾನ್‌ನನ್ನೂ ಕೊಂದ ಎಂದೇ ಅರ್ಥ. ಬೇಕರಿಯಲ್ಲಿ ಬಾಸ್ಟಿಯಾನ್‌ನ ತಾಯಿ ನೇಲ್ಚೆ ನಿನ್ನನ್ನು ಕಂಡು ಬೆನ್ನು ತಿರುಗಿಸಿದ್ದು, ಅಂಗಡಿಯವಳು ನಿನ್ನ ಬ್ರೆಡ್ಡನ್ನು ಮಾತಿಲ್ಲದೆ ಮುಂದಕ್ಕೆ ತಳ್ಳಿದ್ದು, ಎಲ್ಲವನ್ನೂ ಓದಿದೆ. ದೋಣಿಯಲ್ಲಿ ಬದುಕುಳಿದವನು ಮುದುಕ ಕೋ ಒಬ್ಬನೇ. ಅವನೂ ಕೆಳಗಿನ ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿದ್ದವನು. ಎಲ್ಲಿಗೆ ಹೋಗಿದ್ದರು, ಎಲ್ಲಿಂದ ಬಂದರು, ಅವನಿಗೇನು ಗೊತ್ತು?

ನೀನು ಎರಡು ಪ್ರಶ್ನೆ ಕೇಳಿದ್ದೀಯ. ದೋಣಿ ಮುಳುಗಿದ ಜಾಗ ನಿಜವಾಗಿ ಶುದ್ಧವಾಗಿತ್ತೇ? ಹತ್ತು ವರ್ಷದಲ್ಲಿ ಒಂದು ಸಲವೂ ಆ ಕಡೆ ತಲೆ ಹಾಕದ ರೀನುಸ್, ಬಲೆ ಬಿಡುವ ಮೊದಲು ನಾಲ್ಕು ಸಲ ಯೋಚಿಸುತ್ತಿದ್ದ ರೀನುಸ್, ಆ ಬುಧವಾರ ಅಲ್ಲಿಗೆ ಯಾಕೆ ಹೋದ?

ಮೊದಲನೆಯದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ. ನಮ್ಮ ಕೆಲಸ ಹೇಗೆ ನಡೆಯುತ್ತಿತ್ತೆಂದು ನೀನು ಚಿಕ್ಕಂದಿನಿಂದ ಕೇಳಿದ್ದರೂ ಆಕಳಿಸಿಕೊಂಡು ಕೇಳಿದವಳು. ಮಹಾಯುದ್ಧದಲ್ಲಿ ವಿಮಾನಗಳು ಹಿಂತಿರುಗುವಾಗ ಉದುರಿಸಿ ಹೋದ ಬಾಂಬುಗಳು ಇನ್ನೂ ನಮ್ಮ ಕಡಲ ಮರಳಿನಲ್ಲಿ ಮಲಗಿವೆ. ಅವನ್ನು ಹುಡುಕಲು ನಾವೂ ಡಚ್ಚರೂ ಕಡಲತಳವನ್ನು ಚೌಕ ಚೌಕವಾಗಿ ಹಂಚಿಕೊಂಡಿದ್ದೆವು. ಒಂದು ಚೌಕ ನಮ್ಮ ಹಡಗಿಗೆ, ಪಕ್ಕದ್ದು ಅವರ ಹಡಗಿಗೆ. ನಮ್ಮ ಹಡಗುಗಳಿಗೆ ಹೂವಿನ ಹೆಸರು, ಅವರವಕ್ಕೆ ಊರಿನ ಹೆಸರು. "ನಿಮ್ಮದು ಹೂವಿನ ಅಂಗಡಿ" ಎಂದು ಅವರು, "ನಿಮ್ಮದು ಬಸ್ಸಿನ ಬೋರ್ಡು" ಎಂದು ನಾವು. ಸೋನಾರಿನಿಂದ ಶಬ್ದ ಕಳಿಸಿ, ತಿರುಗಿ ಬಂದದ್ದನ್ನು ಪರದೆಯ ಮೇಲೆ ನೋಡಿ, ಇದು ಕಲ್ಲು, ಇದು ಹಳೆ ಲಂಗರು, ಇದು ಬಾಂಬು ಎಂದು ಹೇಳುವುದು ನಮ್ಮ ಹಡಗಿನಲ್ಲಿ ನನ್ನ ಕೆಲಸ. ಡಚ್ಚರ ಹಡಗಿನಲ್ಲಿ ಅದೇ ಕೆಲಸ ನಿನ್ನ ವೀಬೆ ಮಾಮನದು.

ಎರಡು ಚೌಕಗಳು ಕೂಡುವ ಕಡೆ ಇನ್ನೂರು ಮೀಟರು ಅಗಲದ ಗಡಿಪಟ್ಟಿ ಇರುತ್ತದೆ. ಬಿಟ್ಟುಹೋಗುವುದು ಯಾವಾಗಲೂ ಗಡಿಯಲ್ಲೇ ಆದ್ದರಿಂದ ಅದನ್ನು ಎರಡೂ ಹಡಗುಗಳು ಬೇರೆ ಬೇರೆಯಾಗಿ ನೋಡಲೇಬೇಕು. 'ಎರಡು ದೇಶ, ನಾಲ್ಕು ಕಣ್ಣು' ಎಂದು ನಮ್ಮ ದೊಡ್ಡವರು ಭಾಷಣ ಮಾಡಿದ್ದೇ ಮಾಡಿದ್ದು. ರೀನುಸ್‌ನ ದೋಣಿ ಮುಳುಗಿರುವುದು ಅಂಥ ಒಂದು ಗಡಿಪಟ್ಟಿಯ ನಟ್ಟನಡುವೆ. 1995ರ ಅಕ್ಟೋಬರಿನಲ್ಲಿ ಅದನ್ನು ಎರಡೂ ಹಡಗುಗಳು ನೋಡಿ ಏನೂ ಇಲ್ಲವೆಂದು ದಾಖಲಿಸಿವೆ. ಗುಮಾಸ್ತ ಹೇಳಿದ ಕಾಗದ ಇರುವುದು ನಿಜ.

ಇನ್ನಷ್ಟು ವಿಚಾರಿಸಿ ಬರೆಯುತ್ತೇನೆ. ಎರಡನೆಯ ಪ್ರಶ್ನೆ ಸದ್ಯಕ್ಕೆ ಹಾಗೇ ಇರಲಿ. ಅಮ್ಮ ಸೀಗಡಿ ಸುಲಿದು ಡಬ್ಬಿಯಲ್ಲಿ ತುಂಬಿಸಿಟ್ಟಿದ್ದಾಳೆ, ಮೀನಿನ ವ್ಯಾನಿನವನ ಕೈಯಲ್ಲಿ ಕಳಿಸುತ್ತಾಳೆ. ಊಟ ಬಿಡಬೇಡ. ಯಾನೆಕೆಯ ಹಣೆಗೆ ನನ್ನ ಪರವಾಗಿ ಹೆಬ್ಬೆರಳಿನಿಂದ ಶಿಲುಬೆ ಬರೆ. ದೇವರು ನಿಮ್ಮಿಬ್ಬರನ್ನೂ ಕೈಬಿಡದಿರಲಿ.

ನಿನ್ನ ಅಪ್ಪ,
ರೆಮಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹಿಂಜರಿದದ್ದು. ಆ ದಾಖಲೆಯ ಕೆಳಗೆ ಎರಡು ಸಹಿಗಳಿವೆ. ಒಂದು ವೀಬೆಯದು. ಇನ್ನೊಂದು ನನ್ನದು.


ಹೈಸ್ಟ್
12 ಫೆಬ್ರವರಿ 1998

ವೇರ್ಲೆ, ನನ್ನ ಕಂದ,

ನಿನ್ನ ಉತ್ತರ ಬಂದಿತು. ಇಡೀ ಹಾಳೆಯಲ್ಲಿ ಒಂದೇ ಸಾಲು: "ಸಹಿ ನಿನ್ನದಾದರೆ ನೋಡಿದ್ದೂ ನೀನೇ ತಾನೆ? ಹೌದು ಅಥವಾ ಇಲ್ಲ, ಅಷ್ಟೇ ಬರಿ." ನಿನ್ನ ಅಜ್ಜಿಯೂ ಹೀಗೇ, ಮಾತಿನಲ್ಲಿ ಹೊಡೆದರೆ ಗಾಯ ಒಣಗುತ್ತಿರಲಿಲ್ಲ. ತಡಮಾಡಿದ್ದಕ್ಕೆ ಈ ಸಲವೂ ಕ್ಷಮಿಸು. ಈ ಸಲ ಮಾತ್ರ ಕಾರಣವಿದೆ. ನಾನು ಡೆನ್ ಹೆಲ್ಡರಿಗೆ ಹೋಗಿ ವೀಬೆಯನ್ನು ಕಂಡುಬಂದೆ.

ಇಲ್ಲ, ಮಗಳೇ. ನಾನು ನೋಡಿಲ್ಲ.

ಈಗ ಬೈದುಕೋ, ಬೈದು ಮುಂದೆ ಓದು. ಒಂದು ಗಡಿಪಟ್ಟಿ ನೋಡಲು ಅರ್ಧ ದಿನ ಹಿಡಿಯುತ್ತದೆ. ಹಡಗು ಬಸವನಹುಳುವಿನ ಹಾಗೆ ತೆವಳಬೇಕು, ನಾವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು. ಅದೇ ಮರಳನ್ನು ಮಾರನೆಯ ದಿನ ಇನ್ನೊಬ್ಬನೂ ನೋಡಬೇಕು. ನಾನೂ ವೀಬೆಯೂ ಸೇರಿ ಮೊದಲ ವರ್ಷವೇ ಒಂದು ಒಪ್ಪಂದ ಮಾಡಿಕೊಂಡೆವು. ಒಂದು ಗಡಿಪಟ್ಟಿ ನೀನು, ಮುಂದಿನದು ನಾನು, ಯಾರು ನೋಡಿದರೂ ಇಬ್ಬರೂ ಸಹಿ. ಎಲ್ಲೂ ಬರೆದಿಟ್ಟದ್ದಲ್ಲ, ಬಂದರಿನಲ್ಲಿ ಬಿಯರ್ ಕುಡಿಯುತ್ತ ಆದ ಮಾತು. ನಮ್ಮ ಮೇಲಿನವರಿಗೆ ಗೊತ್ತಿತ್ತೋ ಇಲ್ಲವೋ, ಕೇಳಿದವರಿಲ್ಲ. ಹನ್ನೊಂದು ವರ್ಷ ಹೀಗೇ ನಡೆಯಿತು, ಒಂದು ಸಲವೂ ಕೆಡಲಿಲ್ಲ. ಎರಡು ದೇಶಗಳ ದೊಡ್ಡವರು ಒಂದೇ ಆಜ್ಞೆಯ ಕೆಳಗೆ ಹಡಗು ನಡೆಸುವುದು ಹೇಗೆಂದು ಸಭೆ ಮೇಲೆ ಸಭೆ ನಡೆಸುತ್ತಿದ್ದಾಗ, ನಾವಿಬ್ಬರು ಸಿಪಾಯಿಗಳು ಅದನ್ನು ಆಗಲೇ ಮಾಡಿ ತೋರಿಸಿದ್ದೇವೆ ಎಂಬ ಜಂಬ ಬೇರೆ ನಮಗೆ.

1995ರ ಅಕ್ಟೋಬರಿನಲ್ಲಿ ನಾಲ್ಕು ದಿನ ಬಿರುಗಾಳಿ ಬೀಸಿತು. ಅದಕ್ಕೆ ಮುಂಚೆ ವೀಬೆ ಒಂದು ಗಡಿಪಟ್ಟಿಯನ್ನು ಅರ್ಧ ನೋಡಿ ಬಿಟ್ಟು ಬಂದರಿಗೆ ಓಡಿದ್ದ. ಗಾಳಿ ನಿಂತ ಮೇಲೆ ಉಳಿದ ಅರ್ಧ ನಾನು ನೋಡಿ ಮುಗಿಸಿದೆ. ಆ ಸರದಿ ಯಾರದು? ನನ್ನ ಪ್ರಕಾರ ನನ್ನದು, ಆದ್ದರಿಂದ ಮುಂದಿನದು ಅವನದು. ಅವನ ಪ್ರಕಾರ ಅವನದು, ಆದ್ದರಿಂದ ಮುಂದಿನದು ನನ್ನದು. ರೀನುಸ್ ಸತ್ತ ಜಾಗವೇ ಆ ಮುಂದಿನದು.

ಕೇಳಬಹುದಿತ್ತಲ್ಲ ಎನ್ನುತ್ತೀಯ. ರೇಡಿಯೋ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಆದರೆ ನಮ್ಮ ನಡುವೆ ಹಾಗೆ ಕೇಳುವ ಪದ್ಧತಿಯೇ ಇರಲಿಲ್ಲ. "ನೋಡಿದೆಯಾ?" ಎಂದು ಕೇಳಿದರೆ "ನಿನ್ನ ಮೇಲೆ ನನಗೆ ನಂಬಿಕೆಯಿಲ್ಲ" ಎಂದ ಹಾಗೆ. ಸ್ನೇಹಿತನಿಗೆ, ಅದರಲ್ಲೂ ಬೇರೆ ದೇಶದ ಸ್ನೇಹಿತನಿಗೆ, ಹಾಗನ್ನುವುದುಂಟೇ? ಆ ಮರ್ಯಾದೆಯ ಹೆಸರಿನಲ್ಲಿ ಆ ಗಡಿಪಟ್ಟಿ ಕಾಗದದ ಮೇಲೆ ಎರಡು ಸಲ ಶುದ್ಧವಾಯಿತು. ನೀರಿನಲ್ಲಿ ಅದನ್ನು ಒಬ್ಬರೂ ನೋಡಲಿಲ್ಲ.

ಇದೆಲ್ಲ ನನಗೆ ಖಚಿತವಾದದ್ದು ಹೋದ ಗುರುವಾರ ವೀಬೆಯ ಅಡುಗೆಮನೆಯಲ್ಲಿ. ಡಚ್ಚರ ಮನೆಯ ಕಾಫಿ ನಿನಗೆ ಗೊತ್ತಲ್ಲ, ನೀನೇ ಈಗ ಅರ್ಧ ಡಚ್ಚಳು. ಒಂದು ಲೋಟಕ್ಕೆ ಒಂದು ಬಿಸ್ಕತ್ತು, ಆಮೇಲೆ ಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚುವುದು. ಅದನ್ನು ಹೇಳಿ ನಾನು ಅವನನ್ನು ಎಷ್ಟು ವರ್ಷ ಗೋಳು ಹೊಯ್ದುಕೊಂಡಿದ್ದೇನೆ. ಈ ಸಲ ಅವನು ಡಬ್ಬಿಯನ್ನು ತೆರೆದೇ ನನ್ನ ಮುಂದಿಟ್ಟು ಕೂತ. ನನಗೆ ಆಗಲೇ ಸುಳಿವು ಸಿಕ್ಕಿತು.

ಇಬ್ಬರೂ ನಮ್ಮ ನಮ್ಮ ಜೇಬಿನ ಪುಸ್ತಕ ತೆಗೆದೆವು. ಯಾವ ಸರದಿ ಯಾರದೆಂದು ನೆನಪಿಗೆ ಗುರುತು ಹಾಕಿಕೊಳ್ಳುತ್ತಿದ್ದ ಪುಸ್ತಕಗಳು ಅವು. ಆ ದಿನಾಂಕದ ಎದುರು ನನ್ನದರಲ್ಲಿ ಅವನ ಹೆಸರು, ಅವನದರಲ್ಲಿ ನನ್ನ ಹೆಸರು. ಅವನು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದ. ಆಮೇಲೆ, "ಅಯ್ಯೋ ರೆಮಿ" ಎಂದ. ಅಷ್ಟೇ.

ನಾನು ಹೇಳಿದೆ: "ಇಬ್ಬರೂ ಹೋಗಿ ಮಂಡಳಿಗೆ ಹೇಳೋಣ, ವೀಬೆ. ಈ ಎರಡು ಪುಸ್ತಕ ಮೇಜಿನ ಮೇಲಿಟ್ಟರೆ ಸಾಕು. ಹುಡುಗನ ಹೆಸರು ಉಳಿಯುತ್ತೆ."

"ಹುಡುಗ ವಾಪಸ್ ಬರ್ತಾನಾ?"

"ಅವನ ಹೆಂಡತಿ ಊರಲ್ಲಿ ತಲೆ ಎತ್ತಿ ಓಡಾಡ್ತಾಳೆ."

"ನಂದೂ ಒಂದು ಮನೆ ಇದೆಯಪ್ಪ. ನನ್ನ ಮಗ ಈಗ ಅದೇ ಹಡಗಲ್ಲಿ, ಅದೇ ಕುರ್ಚಿ ಮೇಲೆ ಕೂತಿದ್ದಾನೆ. ನಾಳೆಯಿಂದ ಅವನನ್ನ ಎಲ್ಲರೂ ಏನಂತ ಕರೀತಾರೆ? ಎರಡು ದೇಶದ ನೌಕಾಪಡೆ ಒಂದೇ ಆಜ್ಞೆ ಕೆಳಗೆ ಬಂದು ಇನ್ನೂ ಎರಡೇ ವರ್ಷ. ಬೇಡ ಅಂದೋರು ಎರಡೂ ಕಡೆ ಬೇಕಾದಷ್ಟು ಜನ ಇದ್ದಾರೆ. 'ನೋಡ್ರಪ್ಪಾ, ಇವರ ಸ್ನೇಹ ಅಂದ್ರೆ ಇಷ್ಟೇ, ಒಬ್ಬ ಇನ್ನೊಬ್ಬನ ಮೇಲೆ ಕೆಲಸ ಹಾಕಿ ಮಲ್ಕೊಳ್ಳೋದು' ಅಂತ ಪೇಪರಲ್ಲಿ ಬರೀತಾರೆ."

"ಬರೀಲಿ! ಸುಳ್ಳಾ ಅದು?"

"ಸುಳ್ಳಲ್ಲ" ಎಂದ. ಕಣ್ಣಲ್ಲಿ ನೀರಿತ್ತು. "ಸುಳ್ಳಲ್ಲ, ಮಾರಾಯ. ಅದಕ್ಕೇ ಹೆದರಿಕೆ."

ನಾನು ಕೂಗಾಡಿದೆ. ಹೇಡಿ ಎಂದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಅವನದು ಒಂದೇ ವರಸೆ: "ಸ್ವಲ್ಪ ದಿನ ಕೊಡು, ಯೋಚನೆ ಮಾಡ್ತೀನಿ." ಬಾಗಿಲವರೆಗೆ ಬಂದು ನನ್ನ ಕೋಟಿನ ಗುಂಡಿ ಹಾಕಿಕೊಟ್ಟ. ನಾನು ಅವನ ಕೈ ತಳ್ಳಿ ನಡೆದೆ. ರೈಲಿನಲ್ಲಿ ಉದ್ದಕ್ಕೂ ಅತ್ತೆ. ಎದುರಿಗೆ ಕೂತಿದ್ದ ಹೆಂಗಸು ಪೆಪ್ಪರ್‌ಮಿಂಟ್ ಕೊಟ್ಟಳು. ಇಷ್ಟು ವಯಸ್ಸಿನ ಗಂಡಸು ರೈಲಿನಲ್ಲಿ ಅಳಬಾರದು, ಗೊತ್ತು.

ಊರಿಗೆ ಬಂದ ದಿನವೇ ನಿನ್ನ ಅಮ್ಮನಿಗೂ ಹೇಳಿದೆ. ಅವಳು ಕ್ಯಾಂಡಲ್ ಹಬ್ಬಕ್ಕೆ ಮಾಡಿ ಉಳಿದಿದ್ದ ಹಿಟ್ಟಿನಲ್ಲಿ ಪ್ಯಾನ್‌ಕೇಕ್ ಹುಯ್ಯುತ್ತಿದ್ದಳು. ಬಾಣಲೆಯಲ್ಲಿದ್ದದ್ದು ಕರಕಲಾಗುವವರೆಗೂ ತಿರುಗಿ ನೋಡಲಿಲ್ಲ. ಆಮೇಲೆ ಕೇಳಿದಳು: "ವೇರ್ಲೆಗೆ ಬರೀತೀರಾ, ಇಲ್ಲ ನಾನು ಬರೀಲಾ?" ಅಂದಿನಿಂದ ಅವಳು ಮಹಡಿಯ ಕೋಣೆಯಲ್ಲಿ ಮಲಗುತ್ತಿದ್ದಾಳೆ.

ನೀನು ಸಿಟ್ಟು ಮಾಡಿಕೋ, ಆದರೆ ಧೈರ್ಯ ಬಿಡಬೇಡ. ರೀನುಸ್ ನಿಷೇಧದ ಜಾಗಕ್ಕೆ ಹೋಗಿರಲಿಲ್ಲ. ಬಾಂಬು ಅಲ್ಲೇ, ನಮ್ಮ ಗಡಿಪಟ್ಟಿಯಲ್ಲೇ ಇತ್ತು. ನಾನು ಅದನ್ನು ಹೇಳಿಯೇ ತೀರುತ್ತೇನೆ. ಮಗುವನ್ನೂ ನಿನ್ನನ್ನೂ ಮಾತೆ ಮರಿಯ ತನ್ನ ಸೆರಗಿನ ಮರೆಯಲ್ಲಿ ಇಟ್ಟುಕೊಳ್ಳಲಿ.

ನಿನ್ನ ಅಪ್ಪ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ವೀಬೆ ಫೋನ್ ಮಾಡಿದ. "ನನ್ನ ಪುಸ್ತಕ ಒಲೆಗೆ ಹಾಕ್ದೆ, ರೆಮಿ. ಕೇಳಿದ್ರೆ ನಾನು ನೋಡಿದ್ದೆ ಅಂತಲೇ ಹೇಳ್ತೀನಿ. ಕ್ಷಮಿಸು ಅಂತ ಕೇಳೋ ಮುಖವೂ ನಂಗಿಲ್ಲ" ಎಂದು ಇಟ್ಟುಬಿಟ್ಟ.


ಹೈಸ್ಟ್
15 ಮಾರ್ಚ್ 1998, ಭಾನುವಾರ

ವೇರ್ಲೆ,

ನೀನು ಉತ್ತರ ಬರೆದಿಲ್ಲ. ಬರೆಯೆಂದು ಕೇಳುವ ಹಕ್ಕು ನನಗಿಲ್ಲ. ಒಂದು ತಿಂಗಳಿಂದ ಅಂಚೆಯವನ ಸೈಕಲ್ಲಿನ ಸದ್ದಿಗೆ ಎದ್ದು ಬಾಗಿಲಿಗೆ ಹೋಗಿ ಬರಿಗೈಯಲ್ಲಿ ಬಂದು ಕೂರುತ್ತಿದ್ದೇನೆ. ಬುಧವಾರ ಮಿಡಲ್‌ಬುರ್ಗ್‌ನಲ್ಲಿ ವಿಚಾರಣೆ. ಅದಕ್ಕೆ ಮುಂಚೆ ಇದು ನಿನ್ನ ಕೈ ಸೇರಬೇಕು, ಅದಕ್ಕೇ ನಾಳೆ ಬೆಳಿಗ್ಗೆ ನಾನೇ ಬಸ್ಸಿನಲ್ಲಿ ಬಂದು ನಿನ್ನ ಬಾಗಿಲ ಸಂದಿಯಲ್ಲಿ ಹಾಕಿ ಹೋಗುತ್ತೇನೆ. ಗಂಟೆ ಒತ್ತುವುದಿಲ್ಲ.

ಈ ತಿಂಗಳು ನಾನು ಕಂಡ ಬಾಗಿಲುಗಳಿಗೆ ಲೆಕ್ಕವಿಲ್ಲ. ಮೊದಲು ನನ್ನ ಹಳೆಯ ಕಮಾಂಡರ್ ಬಳಿ ಹೋದೆ. ಅವರೂ ನಿವೃತ್ತರು, ಹೆಸರು ಬೇಡ. ತೋಟದಲ್ಲಿ ಗುಲಾಬಿ ಸವರುತ್ತಿದ್ದರು. ಎಲ್ಲವನ್ನೂ ಕೇಳಿ, ಕತ್ತರಿ ಜೇಬಿಗೆ ಹಾಕಿಕೊಂಡು ಹೇಳಿದರು:

"ರೆಮಿ, ನೀನು ಹೇಳ್ತಿರೋದು ನಿಜ ಅಂತಲೇ ಇಟ್ಕೋ. ಆದ್ರೆ ನೀನು ಯಾರು? ಸತ್ತವನ ಮಾವ. ಅಳಿಯನ ಹೆಸರು ತೊಳೆಯೋಕೆ ಮುದುಕ ತನ್ನ ಮೇಲೆ ಎಳ್ಕೊಂಡ ಅಂತಾರೆ. ಆ ಕಡೆ ಡಚ್ಚರವನು ನೋಡಿದ್ದೆ ಅಂತಾನೆ. ಕಾಗದ ಅವನ ಕಡೆ ಇದೆ. ಕಾಗದದ ಕೆಳಗೆ ನಿನ್ನ ಸಹಿಯೂ ಇದೆ."

"ನನ್ನ ಪುಸ್ತಕ ಇದೆಯಲ್ಲ ಸರ್."

"ಅದನ್ನ ನಿನ್ನೆ ಕೂತು ಬರೆದಿಲ್ಲ ಅಂತ ಹೇಗೆ ತೋರಿಸ್ತೀಯ?"

ಅವರು ಕೆಟ್ಟವರಲ್ಲ. ಹೊರಡುವಾಗ ನಿನ್ನ ಅಮ್ಮನಿಗೆಂದು ಎರಡು ಗುಲಾಬಿ ಕಡ್ಡಿ ಕೊಟ್ಟರು. ನಾನು ಅವನ್ನು ಬಸ್‌ಸ್ಟಾಪಿನ ಕಸದ ಬುಟ್ಟಿಗೆ ಹಾಕಿದೆ.

ಮಂಡಳಿಯ ಗುಮಾಸ್ತನೂ ಅದನ್ನೇ ಇನ್ನಷ್ಟು ನಯವಾಗಿ ಹೇಳಿದ. ನಾನು ಬರೆದುಕೊಂಡು ಹೋಗಿದ್ದ ಹೇಳಿಕೆ, ಆರು ಪುಟ, ಸಹಿ ಸಮೇತ, ತೆಗೆದುಕೊಂಡ. "ಸೇರಿಸ್ತೀವಿ. ಆದ್ರೆ ನೋಡಿ, ಗಡಿಪಟ್ಟಿ ನೋಡಿಲ್ಲ ಅಂತಲೇ ಒಪ್ಪಿದ್ರೂ, ಆ ದೋಣಿ ಉತ್ತರದಿಂದ ಬರಲಿಲ್ಲ ಅನ್ನೋದಕ್ಕೆ ಏನು ಸಾಕ್ಷಿ? ಹತ್ತು ವರ್ಷ ಹೋಗದ ಜಾಗಕ್ಕೆ ಅವರು ಆ ದಿನವೇ ಬೇಕಂತ ಮೀನಿಗೆ ಹೋದರು ಅಂತ ಯಾರು ಹೇಳ್ತಾರೆ? ಅದೊಂದು ಗೊತ್ತಾದ್ರೆ ಮಾತು ಬೇರೆ." ನಾನು ಬಾಯಿ ತೆರೆದೆ, ಮುಚ್ಚಿದೆ, ಟೋಪಿ ತೆಗೆದುಕೊಂಡು ಎದ್ದು ಬಂದೆ.

ವೀಬೆಗೆ ಮೂರು ಕಾಗದ ಬರೆದೆ. ಮೂರೂ ಒಡೆಯದೆ ವಾಪಸು ಬಂದವು. ಮುಪ್ಪಿನಲ್ಲಿ ಒಂದೇ ಬೀದಿಯಲ್ಲಿ ಮನೆ ಮಾಡಿ ಪಾರಿವಾಳ ಸಾಕೋಣ ಎಂದುಕೊಂಡಿದ್ದವರು ನಾವು. ಅವನ ಮೇಲಿನ ಸಿಟ್ಟು ಈಗ ಇಳಿದುಹೋಗಿದೆ. ಅವನು ಹೆದರಿದ್ದಾನೆ. ನಾನೂ ಹೆದರಿಯೇ ಐದು ವಾರ ಕನ್ನಡಕದ ಕಥೆ ಹೇಳಿಕೊಂಡು ಕೂತಿದ್ದೆನಲ್ಲ.

ಹೋದ ಮಂಗಳವಾರ ಬ್ರೆಸ್ಕೆನ್ಸಿಗೆ ಬಂದಿದ್ದೆ. ನಿನ್ನ ಮನೆಗಲ್ಲ, ನೇಲ್ಚೆಯ ಮನೆಗೆ. ಆಕೆ ಒಳಗೆ ಕರೆಯಲಿಲ್ಲ. ಕಪ್ಪು ಬಟ್ಟೆಯಲ್ಲಿ ಹೊಸಿಲ ಮೇಲೆ ನಿಂತೇ ಪೂರ್ತಿ ಕೇಳಿದಳು. ನಿನ್ನ ರೀನುಸ್‌ನದಾಗಲಿ ಅವಳ ಬಾಸ್ಟಿಯಾನ್‌ನದಾಗಲಿ ಏನೂ ತಪ್ಪಿಲ್ಲ, ತಪ್ಪು ನನ್ನದೂ ಇನ್ನೊಬ್ಬನದೂ ಎಂದು ಹೇಳಿದೆ. ಪಕ್ಕದ ಮನೆಯವರು ಕಿಟಕಿಯ ಪರದೆ ಸರಿಸಿದರು.

ನೇಲ್ಚೆ ಕೇಳಿದಳು: "ಮೂರು ತಿಂಗಳು ಆ ಹುಡುಗಿಗೆ ಬೆನ್ನು ತಿರುಗಿಸಿದ್ದೀನಿ. ಈಗ ಹೇಳ್ತೀರಲ್ಲ. ಮೊದಲೇ ಹೇಳೋಕೆ ಏನಾಗಿತ್ತು, ನಾಲಗೆ ಬಿದ್ದುಹೋಗಿತ್ತಾ?"

"ಹೆದರಿದ್ದೆ ಅಮ್ಮ."

"ಈಗ ನಾನು ಯಾರನ್ನ ಬೈಲಿ?"

"ನನ್ನನ್ನ ಬೈಯಿರಿ."

"ನಿಮ್ಮನ್ನ ಬೈದು ಏನು ಬಂತು? ಸಹಿ ಹಾಕೋರನ್ನ ಬೈದ್ರೆ ಇನ್ನೊಂದು ಕಾಗದಕ್ಕೆ ಸಹಿ ಹಾಕಿ ತಂದ್ಕೊಡ್ತಾರೆ, ಅಷ್ಟೇ." ಬಾಗಿಲು ಹಾಕಿಕೊಂಡಳು. ಮತ್ತೆ ತೆರೆದು, "ಅವಳಿಗೆ ಹೇಳಿ, ಬೇಕರಿಗೆ ಎಂಟು ಗಂಟೆಗೆ ಬರಲಿ. ನಾನೂ ಆ ಹೊತ್ತಿಗೇ ಹೋಗ್ತೀನಿ" ಎಂದಳು. ನಾನು ಈ ತಿಂಗಳೆಲ್ಲ ಅಲೆದು ಸಂಪಾದಿಸಿದ್ದು ಇದೊಂದೇ, ಮಗಳೇ. ನಿನಗೆ ತಲುಪಿಸಿದ್ದೇನೆ.

ಬುಧವಾರ ನಾನೂ ಅಲ್ಲಿರುತ್ತೇನೆ. ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಎದ್ದು ನಿಂತು ಹೇಳುತ್ತೇನೆ. ಹೊರಗೆ ದಬ್ಬಿದರೆ ಮೆಟ್ಟಿಲ ಮೇಲೆ ನಿಂತು ಹೇಳುತ್ತೇನೆ. ಅವರು ನಂಬುವುದು ಕಷ್ಟ ಎಂದು ಗೊತ್ತಿದೆ. ನನ್ನ ಪಕ್ಕ ಕೂರಬೇಕಾಗಿಲ್ಲ, ನನ್ನ ಕಡೆ ನೋಡಬೇಕಾಗಿಯೂ ಇಲ್ಲ. ಅಮ್ಮ ಬೆಳಗಿನ ಬಸ್ಸಿಗೆ ನಿನ್ನಲ್ಲಿಗೇ ಬರುತ್ತಾಳೆ. ಮಗುವನ್ನು ಅವಳು ನೋಡಿಕೊಳ್ಳುತ್ತಾಳೆ, ನೀನು ನಿಶ್ಚಿಂತೆಯಿಂದ ಹೋಗು. ದಪ್ಪ ಕೋಟು ಹಾಕಿಕೋ, ಅಂಥ ಕಚೇರಿಗಳಲ್ಲಿ ಚಳಿ ಕಾಯಿಸುವ ವ್ಯವಸ್ಥೆ ನೆಟ್ಟಗಿರುವುದಿಲ್ಲ.

ನಿನ್ನ ಜೀವನದಲ್ಲಿ ಇನ್ನು ಯಾವ ಕೇಡೂ ಬಾರದಿರಲಿ. ಯಾನೆಕೆ ದೊಡ್ಡವಳಾಗಿ, ಗಟ್ಟಿ ನೆಲದ ಮೇಲಿನ ಯಾವುದಾದರೂ ಕೆಲಸ ಹಿಡಿದು, ನೂರು ವರ್ಷ ಬಾಳಲಿ. ಅವಳ ಅಪ್ಪ ಒಳ್ಳೆಯವನಾಗಿದ್ದ ಎಂದು ಅವಳಿಗೆ ಹೇಳು. ಅಜ್ಜನ ವಿಷಯ ನಿನಗೆ ಸರಿ ಕಂಡಂತೆ.

ಎಂದೆಂದೂ ನಿನ್ನ,
ಅಪ್ಪ

ಮರೆತ ಮಾತು: ಮಂಡಳಿಗೆ ಕೊಟ್ಟ ಆರು ಪುಟದಲ್ಲಿ ಒಂದು ವಿಷಯ ಇಲ್ಲ. ಕೈ ಏಳಲಿಲ್ಲ. ನೀನು ಎರಡು ಪ್ರಶ್ನೆ ಕೇಳಿದ್ದೆ, ಎರಡನೆಯದನ್ನು ನಾನು ಪಕ್ಕಕ್ಕಿಟ್ಟೆ. ಉತ್ತರ ಗೊತ್ತಿಲ್ಲದೆ ಅಲ್ಲ.

ದುರಂತಕ್ಕೆ ಮೂರು ದಿನ ಮುಂಚೆ, ಸಂತ ನಿಕೋಲಾಸನ ಹಬ್ಬದ ಮರುದಿನ ಭಾನುವಾರ, ನೀವೆಲ್ಲ ನಮ್ಮಲ್ಲಿ ಊಟಕ್ಕೆ ಬಂದಿದ್ದಿರಿ. ನೀನೂ ಅಮ್ಮನೂ ಮಗುವಿಗೆ ಉಡುಗೊರೆ ತೋರಿಸಲು ಮಹಡಿಗೆ ಹೋದಿರಿ. ರೀನುಸ್ ತಟ್ಟೆ ಸರಿಸಿ ತನ್ನ ಕಡಲ ನಕ್ಷೆ ಬಿಡಿಸಿದ. ಆ ಗಡಿಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದ: "ಮಾವ, ಇಲ್ಲಿ ವರ್ಷಗಟ್ಟಲೆ ಯಾರೂ ಬಲೆ ಬಿಟ್ಟಿಲ್ಲ, ಮೀನು ರಾಶಿ ಬಿದ್ದಿರಬೇಕು. ಆದ್ರೆ ನಂಗೆ ಹೆದರಿಕೆ. ಕಾಗದದ ಮಾತು ಬಿಡಿ. ನೀವು ನಿಮ್ಮ ಕಣ್ಣಾರೆ ನೋಡಿದ್ದೀರಾ?"

ನಾನು ನೋಡಿರಲಿಲ್ಲ. ವೀಬೆ ನೋಡಿರುತ್ತಾನೆ ಎಂದುಕೊಂಡಿದ್ದೆ, ಆದರೆ ನಾನು ನೋಡಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅಳಿಯನ ಮುಂದೆ ಸಣ್ಣವನಾಗಲು ಮನಸ್ಸು ಬರಲಿಲ್ಲ. "ಕಣ್ಣಾರೆ ನೋಡಿದ್ದೀನಿ ಕಣೋ, ಹೋಗು" ಎಂದೆ. ಅವನು ನಕ್ಕು, "ನೀವು ಹೇಳಿದ್ಮೇಲೆ ಸರಿ" ಎಂದು ನಕ್ಷೆ ಮಡಚಿದ.

ಗುಮಾಸ್ತ ಕೇಳುತ್ತಿರುವ ಸಾಕ್ಷಿ ಇದೇ. ಈ ಹಾಳೆಯನ್ನು ಬುಧವಾರ ಅವರ ಕೈಗೆ ಕೊಡು. ಅವನು ಯಾಕೆ ಹೋದ ಎಂದು ಇನ್ನು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಡ, ವೇರ್ಲೆ. ನಿನ್ನ ಗಂಡ ಕೇಳಿಯೇ ಹೋಗಿದ್ದ.